ಘಾಟಿ ಕುಳ್ಳಜ್ಜನ ಜೊತೆ ವ್ಯವಹಾರ ಹೇಗೆ?

ಆಟದ ಲೋಕದ ಬಗ್ಗೆ ಏನು ಬೇಕಾದರೂ ಕೇಳಿ ಅಂದಿದ್ದೆವು. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿದ್ದು ಒಬ್ಬನ ಬಗ್ಗೆಯೇ. ಫ್ಯಾಂಟಸಿ ಆಟಗಳಲ್ಲಿ ಬೆಟ್ಟದ ಹೊಟ್ಟೆಯೊಳಗೆ ಊರು ಕಟ್ಟಿಕೊಂಡು, ಗಣಿ ತೋಡಿ, ಕಬ್ಬಿಣ ಬಡಿದು ಬದುಕುವ ಕುಳ್ಳ ಜನ ಇರುತ್ತಾರಲ್ಲ, ಅವರ ಮುದುಕ ಯಜಮಾನ. ಎದೆ ಮುಚ್ಚುವ ಗಡ್ಡ, ಸೊಂಟದಲ್ಲಿ ಬೀಗದ ಕೈ ಗೊಂಚಲು, ತಲೆ ತುಂಬ ಲೆಕ್ಕ. ಈ ಸಲದ ಪುಟ ಪೂರ್ತಿ ಅವನಿಗೇ.

ಪ್ರಶ್ನೆ: ನಾವು ಐದು ಜನ ಗೆಳೆಯರು ಭಾನುವಾರ ವಿದ್ಯಾನಗರದ ಒಂದು ರೂಮಿನಲ್ಲಿ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ದಾಳ ಹಾಕಿ ಕತೆ ಮುಂದುವರಿಸುವ ಆಟ, ಆಡುತ್ತೇವೆ. ಕತೆ ನಡೆಸುವವನು, ಅಂದರೆ ಡಂಜನ್ ಮಾಸ್ಟರ್, ನಾನು. ನಮ್ಮ ಕತೆಯಲ್ಲಿ ಒಬ್ಬ ಕುಳ್ಳಜ್ಜ ಇದ್ದಾನೆ. ಭಾರೀ ಘಾಟಿ ಅಂತ ಮೊದಲೇ ಬಿಲ್ಡಪ್ ಕೊಟ್ಟಿದ್ದೆ. ಆಡುವಾಗ ನೋಡಿದರೆ ಬರೀ ಗಾದೆ ಹೇಳುವ ತಾತ ಆಗಿಬಿಟ್ಟ. ಅವನು ಬಾಯಿ ತೆರೆದ ಕೂಡಲೇ ಹುಡುಗರು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಾರೆ. ಏನು ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲು ಅವನ ಭಾಷಣ ನಿಲ್ಲಿಸಿ. ಘಾಟಿ ಮುದುಕರು ಕಮ್ಮಿ ಹೇಳುತ್ತಾರೆ, ಜಾಸ್ತಿ ಕೇಳುತ್ತಾರೆ. ಅದೂ ಹೇಗೆ, ಸುಮ್ನೆ ಉಭಯ ಕುಶಲೋಪರಿ ಅನ್ನೋ ಥರ.

ಹುಡುಗರು ಅವನ ಹತ್ತಿರ ಬರುವುದು ಏನೋ ಬೇಕು ಅಂತ ತಾನೇ? ಕೆಳಗಿನ ಸುರಂಗದ ಬೀಗದ ಕೈ ಬೇಕು ಅಂತಿಟ್ಟುಕೊಳ್ಳಿ. ಅಜ್ಜ ಬೀಗದ ಕೈ ಮಾತೇ ಎತ್ತಬಾರದು. "ಬಾರಪ್ಪಾ, ಕುತ್ಕ. ಊಟ ಆಯ್ತಾ? ಯಾವ ಕಡೆಯಿಂದ ಬಂದ್ರಿ, ಹೊಳೆ ದಾಟಿಯೋ, ಗುಡ್ಡ ಹತ್ತಿಯೋ?" ಹೊಳೆ ದಾಟಿ ಅಂತ ಒಬ್ಬ ಹೇಳುತ್ತಾನೆ. "ಹಂಗಾದ್ರೆ ಹಗ್ಗ ನೆಂದಿರ್ಬೇಕು, ಒಲೆ ಹತ್ರ ಹಾಕು, ಒಣಗ್ಲಿ." ಹಗ್ಗ ಹೊಳೆಯಲ್ಲೇ ಹೋಯ್ತು ಅಜ್ಜಾ ಅಂತ ಇನ್ನೊಬ್ಬ. ಅಜ್ಜ ಪಾಪ ಅನ್ನುತ್ತಾನೆ, ಇನ್ನೊಂದು ಸೌಟು ಅಂಬಲಿ ಹಾಕುತ್ತಾನೆ. "ನೀವು ಐದು ಜನ ಅಂತ ಯಾರೋ ಅಂದಂಗಿತ್ತು?" ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. "ಇರ್ಲಿ ಇರ್ಲಿ. ಅಮಾಸೆ ಮಟ ಇಲ್ಲೇ ಇದ್ದು ಸುಧಾರಿಸ್ಕೊಂಡು ಹೋಗ್ರಿ." ಅಯ್ಯೋ, ಅಮಾವಾಸ್ಯೆ ಒಳಗೆ ಕೆಲಸ ಮುಗಿಬೇಕು ಅಂತ ಮೂರನೆಯವನು ಬಾಯಿ ಬಿಡುತ್ತಾನೆ. ಮುಗಿಯಿತು. ಹಗ್ಗ ಇಲ್ಲ, ಒಬ್ಬ ಕಮ್ಮಿ, ಮೇಲಿಂದ ಅರ್ಜೆಂಟು. ಈಗ ಅಜ್ಜ ಬೀಗದ ಕೈಗೆ ರೇಟು ಹೇಳಲಿ. ರೇಟು ಕೇಳಿದ ಮೇಲೆ ಹುಡುಗರಿಗೆ ತಮ್ಮ ಬಾಯಿಂದಲೇ ಎಲ್ಲ ಹೋಯಿತು ಅಂತ ಹೊಳೆಯಬೇಕು. ಆಗ ಮಂಡಕ್ಕಿ ಪೊಟ್ಟಣ ತಾನಾಗಿ ಕೆಳಗೆ ಹೋಗುತ್ತದೆ.

ಇನ್ನೊಂದು, ಅವನ ವಯಸ್ಸನ್ನು ಬಳಸಿಕೊಳ್ಳಿ. ನಿಮ್ಮ ಆಟದ 2014ರ ನಿಯಮದ ಪುಸ್ತಕ ಕುಳ್ಳರ ಆಯಸ್ಸು ಸರಾಸರಿ 350 ವರ್ಷ ಅನ್ನುತ್ತದೆ. ಮುನ್ನೂರು ದಾಟಿದ ಮುದುಕನಿಗೆ ಹುಡುಗರ ಮುತ್ತಾತ ಮಾಡಿದ ಸಾಲವೂ ನೆನಪಿರುತ್ತದೆ, ಇನ್ನೂ ಹುಟ್ಟದ ಮೊಮ್ಮಗನ ಮದುವೆ ಖರ್ಚೂ ಲೆಕ್ಕದಲ್ಲಿರುತ್ತದೆ. ಅಂಥವನು ನಾಲ್ಕು ಚಿನ್ನದ ನಾಣ್ಯಕ್ಕೆ ಯಾಕೆ ಬಾಯಿ ಬಿಡುತ್ತಾನೆ? "ದುಡ್ಡು ಬ್ಯಾಡಪ್ಪಾ. ಕೆಳಗೆ ನಮ್ಮ ಮನೆತನದ ಮುದ್ರೆ ಇರೋ ಪೆಟ್ಟಿಗೆ ಸಿಕ್ರೆ ಬಿಚ್ಚದೆ ತಂದುಕೊಡ್ರಿ, ಸಾಕು" ಅನ್ನಲಿ. ಹುಡುಗರು ಪುಕ್ಕಟೆ ಸಿಕ್ಕಿತು ಅಂತ ಕುಣಿಯುತ್ತಾರೆ. ಕೆಲವು ಭಾನುವಾರ ಕಳೆದ ಮೇಲೆ ಗೊತ್ತಾಗಲಿ, ಪೆಟ್ಟಿಗೆಯಲ್ಲಿದ್ದದ್ದು ನೂರು ವರ್ಷದ ಹಿಂದಿನ ಸಾಲಪತ್ರಗಳು, ಈಗ ಕಣಿವೆಯ ಅರ್ಧ ಊರು ಅಜ್ಜನಿಗೆ ಬಾಕಿದಾರ ಅಂತ. ಇಲ್ಲಿ ಯಾರಿಗೂ ಮೋಸ ಆಗಿಲ್ಲ ನೋಡಿ. ಬೀಗದ ಕೈ ಅಸಲಿಯೇ, ಬಾಗಿಲು ತೆರೆಯಿತು, ಹುಡುಗರ ಕೆಲಸವೂ ಆಯಿತು. ಬೈದುಕೊಂಡೇ ಮುಂದಿನ ಸಲವೂ ಅವನ ಹತ್ತಿರವೇ ಬರುತ್ತಾರೆ. ಸುಳ್ಳು ಬೀಗದ ಕೈ ಕೊಟ್ಟಿದ್ದರೆ ಅವತ್ತೇ ಕತ್ತಿ ಹಿರಿಯುತ್ತಿದ್ದರು, ಅಜ್ಜನ ಪಾತ್ರ ಅಲ್ಲಿಗೆ ಖತಂ.

ಅವನು ಎಷ್ಟೇ ಕೊಟ್ಟರೂ ಮಾರದ ಒಂದು ವಸ್ತು ಇರಲಿ. ಯಾವುದು ಅಂತ ನಿಮಗೆ ಮಾತ್ರ ಗೊತ್ತಿರಲಿ. ಯಾಕೆ ಮಾರಲ್ಲ ಅನ್ನೋದನ್ನು ಹೇಳುವ ಗಡಿಬಿಡಿ ಬೇಡ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಒಬ್ಬಳಿಗೆ ಅಜ್ಜನ ಮನವೊಲಿಸುವಾಗ ಇಪ್ಪತ್ತು ಮುಖದ ದಾಳದಲ್ಲಿ 20 ಬಿತ್ತು. ಗಣಿಯನ್ನೇ ಬರೆದುಕೊಡಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಕೊಡಬೇಕಾ?
— ಗೃಹಿಣಿ ಮತ್ತು ಡಂಜನ್ ಮಾಸ್ಟರ್, ಚಿತ್ರದುರ್ಗ

ಉತ್ತರ: ಕೊಡಬೇಡಿ. 2014ರ ನಿಯಮದಲ್ಲಿ 20 ಬಿದ್ದರೆ ತಾನಾಗಿ ಗೆಲುವು ಅನ್ನೋದು ಹೊಡೆತಕ್ಕೆ ಮಾತ್ರ. ಮನವೊಲಿಸುವುದು, ಬೀಗ ಒಡೆಯುವುದು, ಇಂಥದಕ್ಕೆಲ್ಲ 20 ಅಂದರೆ 20 ಅಂಕ, ಅದರ ಮೇಲೆ ಅವಳ ಪಾತ್ರಕ್ಕೆ ಇರುವ ಬೋನಸ್ ಅಷ್ಟೇ. ಆಗುವುದಿಲ್ಲ ಅಂತ ನಿಮಗೆ ಗೊತ್ತಿದ್ದ ವಿಷಯಕ್ಕೆ ದಾಳ ಹಾಕಿಸಿದ್ದೇ ಜಗಳದ ಮೂಲ. ಈಗ ಹಾಕಿಸಿ ಆಗಿದೆ, ಅವಳನ್ನು ಬರಿಗೈಲಿ ಕಳಿಸಿದರೂ ಚೆನ್ನಾಗಿರಲ್ಲ. ಅಜ್ಜ ಹೊಟ್ಟೆ ಹಿಡಿದು ನಗಲಿ, "ನಿನ್ನ ಬಾಯಿಗೆ ಒಂದು ಅಂಗಡಿ ಇಟ್ಟುಕೊಡಬಹುದು ಕಣವ್ವಾ" ಅನ್ನಲಿ, ಗಣಿಯಲ್ಲಿ ಸಣ್ಣ ಪಾಲುದಾರಿಕೆ ಕೊಡಲಿ. ನಷ್ಟ ಬಂದರೂ ಪಾಲು ಅನ್ನೋ ಷರತ್ತಿನ ಮೇಲೆ.

ಪ್ರಶ್ನೆ: ಚೌಕಾಸಿ ಭಾಗ ಬಂದರೆ ನಮ್ಮ ಟೇಬಲ್ ತಣ್ಣಗಾಗುತ್ತೆ. ನೂರು ಅಂತಾನೆ, ಎಂಬತ್ತು ಅಂತೀವಿ, ತೊಂಬತ್ತಕ್ಕೆ ಮುಗಿಯುತ್ತೆ. ರುಚಿ ಇಲ್ಲ.
— ಅಡಕೆ ಬೆಳೆಗಾರರ ಮಗ, ಚನ್ನಗಿರಿ ತಾಲ್ಲೂಕು

ಉತ್ತರ: ನಿಮ್ಮ ಮನೆ ಹಿರಿಯರನ್ನು ಬಿಟ್ಟು ನನ್ನನ್ನು ಕೇಳುತ್ತೀರಲ್ಲ! ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ ಅಡಿ ಕೈ ಹಿಡಿದು ಬೆರಳಲ್ಲೇ ರೇಟು ಹೇಳುವುದನ್ನು ನೋಡಿರುತ್ತೀರಿ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಎತ್ತು ಎಷ್ಟಕ್ಕೆ ಕುದುರಿತು ಅಂತ ಇಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗಲ್ಲ. ಅದನ್ನೇ ಟೇಬಲ್ಲಿಗೆ ತನ್ನಿ. ಅಜ್ಜ ಎಲ್ಲರೆದುರು ಮಾತಾಡಲ್ಲ, ಒಬ್ಬೊಬ್ಬರನ್ನೇ ಕರೆಯುತ್ತಾನೆ. ನೀವು ಚೀಟಿಯಲ್ಲಿ ಬರೆದು ಕೊಡಿ, ಅವರು ಚೀಟಿಯಲ್ಲೇ ಉತ್ತರ ಕೊಡಲಿ, ಓದಿ ಹರಿದು ಹಾಕಿ. ಒಬ್ಬನಿಗೆ ಕೊಡಲಿ ಅರ್ಧ ಬೆಲೆಗೆ, ಗೆಳೆಯರಿಗೆ ಹೇಳಬಾರದು ಅಂತ. ಇನ್ನೊಬ್ಬಳಿಗೆ ಪೂರ್ತಿ ಬೆಲೆ ಹೇಳಿ, ಜೊತೆಗೆ "ನಿಮ್ಮಲ್ಲಿ ಒಬ್ಬನಿಗೆ ನಾನು ಕಮ್ಮಿಗೆ ಕೊಟ್ಟಿದೀನಿ" ಅಂತ ಸುದ್ದಿ ಪುಕ್ಕಟೆಯಾಗಿ ಕೊಡಲಿ. ಆಮೇಲೆ ಅಜ್ಜ ಮಾತಾಡುವುದೇ ಬೇಡ. ಅವರವರೇ ಮುಖ ನೋಡಿಕೊಂಡು ಕೂರುತ್ತಾರೆ.

ಬೆಲೆಗೆ ದುಡ್ಡೊಂದೇ ಇಡಬೇಡಿ, ಅದೂ ಮುಖ್ಯ. ಬರುವ ವರ್ಷ ಕೊಡುವ ಒಂದು ದಿನದ ದುಡಿಮೆ, ಒಂದು ಗುಟ್ಟು, ಯಾರನ್ನೋ ಪಂಚಾಯ್ತಿಯಲ್ಲಿ ಬೆಂಬಲಿಸುವ ಮಾತು. ತೊಂಬತ್ತಕ್ಕೆ ಮುಗಿಯುವ ವ್ಯಾಪಾರಕ್ಕೆ ರುಚಿ ಬರೋದು ಇಂಥ ಕಡೆ.

ಪ್ರಶ್ನೆ: ಗೆಳೆಯನೂ ನಾನೂ ಮೊಬೈಲಿಗೆ ಒಂದು ಕತೆಯ ಆಟ ಮಾಡುತ್ತಿದ್ದೇವೆ. ಅದರಲ್ಲಿ ಕುಳ್ಳ ಯಜಮಾನ ಆಟಗಾರನಿಗೆ ಮೂರು ಸಲ ಟೋಪಿ ಹಾಕುತ್ತಾನೆ. ಟೆಸ್ಟ್ ಮಾಡಿದವರೆಲ್ಲ ಟೋಪಿ ಬಿದ್ದ ಕೂಡಲೇ ಮೊದಲು ಉಳಿಸಿಟ್ಟ ಹಂತಕ್ಕೆ, ಅಂದರೆ ಹಳೇ ಸೇವ್‌ಗೆ ವಾಪಸ್ ಹೋಗಿ ಬೇರೆ ಉತ್ತರ ಒತ್ತುತ್ತಾರೆ. ಅಜ್ಜ ಪೆದ್ದನ ಥರ ಕಾಣ್ತಾನೆ.
— ಸಾಫ್ಟ್‌ವೇರ್ ಕೆಲಸದವನು, ಸದ್ಯ ಊರಿಂದಲೇ ಕೆಲಸ, ಹರಿಹರ

ಉತ್ತರ: ನಿಮ್ಮದು ಈ ಪುಟದ ಅತಿ ಕಷ್ಟದ ಪ್ರಶ್ನೆ. ಟೇಬಲ್ ಮೇಲೆ ಆಡುವವರಿಗೆ ಈ ತಲೆನೋವಿಲ್ಲ, ಆಡಿದ ಮಾತು ಆಡಿಯಾಯಿತು. ಕಂಪ್ಯೂಟರ್ ಆಟದಲ್ಲಿ ಆಟಗಾರನ ಕೈಯಲ್ಲಿ ಕಾಲವೇ ಇದೆ. ಅವನಿಗೆ ಗೊತ್ತಿಲ್ಲದ್ದನ್ನು ನಂಬಿಕೊಂಡು ಮಾಡಿದ ಉಪಾಯ ಎಲ್ಲ ಒಂದು ರೀಲೋಡಿಗೆ ಸಾಯುತ್ತದೆ.

ಸೇವ್ ಕಿತ್ತುಹಾಕಿ ಅಂತ ಕೆಲವರು ಹೇಳುತ್ತಾರೆ. ಬೇಡ. ಬಸ್ಸಲ್ಲಿ ಕೂತು ಆಡುವವರ ಶಾಪ ತಟ್ಟುತ್ತದೆ. ಅದರ ಬದಲು ಅಜ್ಜನಿಗೆ ರೀಲೋಡಿಗೂ ಜಗ್ಗದ ವ್ಯವಹಾರ ಕೊಡಿ. ಉದಾಹರಣೆಗೆ ಅವನು ಸುರಂಗಗಳ ನಕ್ಷೆ ತೀರಾ ಕಮ್ಮಿಗೆ ಮಾರುತ್ತಾನೆ. ನಕ್ಷೆ ನೂರಕ್ಕೆ ನೂರು ಸರಿ. ಆದರೆ ಅದರಲ್ಲಿರುವ ಎಲ್ಲ ಒಳ್ಳೆ ದಾರಿಗಳೂ ಅವನ ಸುಂಕದ ಕಟ್ಟೆ ಮೇಲೇ ಹೋಗುತ್ತವೆ. ಆಟಗಾರನಿಗೆ ಇದು ಗೊತ್ತಾಯಿತು ಅನ್ನಿ, ವಾಪಸ್ ಹೋದ ಅನ್ನಿ. ಏನು ಮಾಡ್ತಾನೆ? ನಕ್ಷೆ ಕೊಳ್ಳದೆ ಹೋದರೆ ಬಳಸು ದಾರಿ, ಊಟ, ಎಣ್ಣೆ, ದೀಪ ಎಲ್ಲ ಸೇರಿ ಸುಂಕಕ್ಕಿಂತ ಜಾಸ್ತಿ ಬೀಳುತ್ತದೆ. ಮತ್ತೆ ಬಂದು ಕೊಳ್ಳುತ್ತಾನೆ, ಈ ಸಲ ಹಲ್ಲು ಕಡಿದುಕೊಂಡು. ಅಜ್ಜನ ಮೇಲೆ ಗೌರವ ಹುಟ್ಟುವುದೂ ಆಗಲೇ.

ಎರಡನೆಯದು ತಡ. ಇವತ್ತಿನ ಮಾತಿನ ಫಲ ಎರಡು ಅಧ್ಯಾಯ ಬಿಟ್ಟು ಬರಲಿ. ಅಷ್ಟು ಹೊತ್ತಿಗೆ ಹಳೇ ಸೇವ್‌ಗೆ ಹೋಗಲು ಯಾರಿಗೂ ಮನಸ್ಸಾಗಲ್ಲ, ಅಷ್ಟೆಲ್ಲ ಮತ್ತೆ ಆಡಬೇಕಲ್ಲ. ಆದರೆ ಫಲ ಬಂದಾಗ ಇದು ಆ ಮಾತಿನಿಂದಲೇ ಬಂದದ್ದು ಅಂತ ಆಟಗಾರನಿಗೆ ನೆನಪಾಗುವಂತೆ ಅಜ್ಜ ಒಂದು ಸಾಲು ಹೇಳಲಿ, ಇಲ್ಲದಿದ್ದರೆ ಅದು ಬಗ್ (ಆಟದ ದೋಷ) ಅಂದುಕೊಂಡು ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ.

ಟೋಪಿ ಹಾಕುವುದನ್ನು ಮಾತ್ರ ದಾಳಕ್ಕೆ ಬಿಡಬೇಡಿ. ಅದೃಷ್ಟ ಸರಿಯಿಲ್ಲದೆ ಸೋತ ಅಂದರೆ ಆಟಗಾರ ನಿಮ್ಮನ್ನು ಬೈಯುತ್ತಾನೆ. ಅಜ್ಜನ ಲೆಕ್ಕದಲ್ಲಿ ಸೋತ ಅಂದರೆ ಅಜ್ಜನನ್ನು ಬೈಯುತ್ತಾನೆ. ನಿಮಗೆ ಬೇಕಾದ್ದು ಎರಡನೆಯದು ತಾನೇ?

ಪ್ರಶ್ನೆ: ಕುಳ್ಳರ ಕೋಟೆಗೆ ನಮ್ಮ ದುರ್ಗದ ಕೋಟೆಯನ್ನೇ ಮಾದರಿ ಮಾಡಿಕೊಳ್ಳಬಹುದಾ? ಓಬವ್ವನನ್ನು ಕುಳ್ಳರ ಹೆಂಗಸಾಗಿ ತೋರಿಸುವ ಐಡಿಯಾ ಇದೆ.
— ಅನಿಮೇಷನ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕೋಟೆಗೆ ಧಾರಾಳವಾಗಿ ಹೂಂ. ಓಬವ್ವನಿಗೆ ಬೇಡ. ಆಕೆ ಈ ಊರಿನವಳು, ಇಲ್ಲಿನ ಜನ ಮನೆಯವಳು ಅಂತ ನೆನೆಯುವ ಹೆಂಗಸು. ಗಡ್ಡ ಅಂಟಿಸಿ ಬೇರೆ ಲೋಕಕ್ಕೆ ಕಳಿಸುವುದು ಸರಿಹೋಗಲ್ಲ. ಕಲ್ಲಿನ ಉಪಾಯ ತಗೊಳ್ಳಿ, ಆಳನ್ನು ಇಲ್ಲೇ ಬಿಡಿ.

ಆ ಕಲ್ಲಿನಲ್ಲಿ ಕಲಿಯುವುದು ರಾಶಿ ಇದೆ. ಏಳು ಸುತ್ತು ಅಂತ ಎಲ್ಲರೂ ಹೇಳುತ್ತಾರೆ, ಆದರೆ ಮೇಲೆ ಹತ್ತುವಾಗ ನೀರಿನ ವ್ಯವಸ್ಥೆ ಗಮನಿಸಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಕೆಳಗೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಮಳೆ ಕಮ್ಮಿ ಬೀಳುವ ಸೀಮೆಯಲ್ಲಿ ಬಿದ್ದ ಹನಿಯನ್ನು ಬಿಡದೆ ಹಿಡಿದಿಟ್ಟ ಲೆಕ್ಕ ಅದು. ನಿಮ್ಮ ಕುಳ್ಳಜ್ಜ ಚಿನ್ನದ ಖಜಾನೆ ಕಾಯುತ್ತಾ ಕೂರುವ ಬದಲು ಮೇಲಿನ ಹೊಂಡದ ತೂಬಿನ ಕೀಲಿ ಇಟ್ಟುಕೊಂಡಿದ್ದಾನೆ ಅಂದುಕೊಳ್ಳಿ. ಕೆಳಗಿನ ಊರಿನ ರಾಜ ಯಾರೇ ಆಗಲಿ, ಬೇಸಿಗೆಯಲ್ಲಿ ಯಾರ ಮನೆ ಬಾಗಿಲಿಗೆ ಬರಬೇಕು? ಕೋಟೆಯೊಳಗೆ ಟಂಕಸಾಲೆ ಇದೆ, ಎಣ್ಣೆ ಕೊಳ ಇದೆ, ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುಕಲ್ಲುಗಳಿವೆ. ಕುಳ್ಳರ ಊರಿಗೆ ಇನ್ನೇನು ಬೇಕು ಹೇಳಿ. ಊರಾಚೆ ಇಂಗಳದಾಳಿನಲ್ಲಿ ತಾಮ್ರದ ಗಣಿ ಬೇರೆ ನಡೆದಿತ್ತು.

ಒನಕೆ ಕಿಂಡಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಹೈದರಾಲಿ ಸೈನ್ಯ ಮುತ್ತಿಗೆ ಹಾಕಿದ್ದಾಗ, ಕಾವಲಿನ ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ನೀರಿಗೆ ಹೋದ ಓಬವ್ವ ಕಿಂಡಿಯಿಂದ ನುಸುಳುತ್ತಿದ್ದ ಸೈನಿಕರನ್ನು ಒನಕೆಯಿಂದ ಬಡಿದಳು ಅನ್ನುವುದು ಊರಿಗೇ ಗೊತ್ತಿರುವ ಕತೆ. ಒಬ್ಬೊಬ್ಬರೇ ತಲೆ ಬಗ್ಗಿಸಿ ಬರಬೇಕಾದ ಜಾಗ ಅದು. ಇಂಥ ಕಿಂಡಿಯನ್ನು ನಿಮ್ಮ ಅಜ್ಜ ಬೇಕಂತಲೇ ಮುಚ್ಚದೆ ಬಿಟ್ಟಿರಬಹುದಲ್ವಾ? ಎಲ್ಲ ಕಡೆ ಮುಚ್ಚಿದರೆ ಶತ್ರು ಎಲ್ಲಿಂದ ಬರುತ್ತಾನೋ ಗೊತ್ತಾಗಲ್ಲ, ಒಂದು ಕಡೆ ಬಿಟ್ಟರೆ ಅಲ್ಲಿಗೇ ಬರುತ್ತಾನೆ. ಆ ಕಿಂಡಿಯ ಸುದ್ದಿ ಹೊರಗೆ ಹೋಗುವಂತೆ ನೋಡಿಕೊಂಡವನೂ ಅಜ್ಜನೇ. ಸುದ್ದಿ ಯಾರ ಮೂಲಕ ಹೋಯಿತು ಅಂತಲೂ ಅವನಿಗೆ ಗೊತ್ತು, ಊರೊಳಗಿನ ಗೂಢಚಾರ ಸಿಕ್ಕಿಬೀಳುವುದು ಹಾಗೆ. ನಿಮ್ಮ ಕತೆಗೆ ಇಷ್ಟು ಸಾಕಾಗಬಹುದು.

ಹೈದರಾಲಿ ಕೊನೆಗೆ 1779ರಲ್ಲಿ ಕೋಟೆ ಹಿಡಿದ. ಗೋಡೆ ಎಷ್ಟು ಸುತ್ತು ಇದ್ದರೂ ಕೋಟೆ ಬೀಳಬಹುದು ಅನ್ನೋದು ಅಜ್ಜನ ಲೆಕ್ಕದಲ್ಲಿ ಇರಲಿ, ಓಡಿಹೋಗುವ ದಾರಿಯನ್ನು ಮೊದಲೇ ಕೊರೆದಿಟ್ಟಿರಲಿ.

ಪ್ರಶ್ನೆ: ಈ ಕುಳ್ಳರು ಎಲ್ಲಿಂದ ಬಂದರು? ಆಟದವರೇ ಹುಟ್ಟಿಸಿದ್ದಾ?
— ನಿವೃತ್ತ ಮೇಷ್ಟ್ರು, ಹೊಳಲ್ಕೆರೆ

ಉತ್ತರ: ಇಲ್ಲ ಮೇಷ್ಟ್ರೇ, ಹಳೇ ಸರಕು. ನಾರ್ವೆ, ಐಸ್‌ಲ್ಯಾಂಡ್ ಕಡೆಯ ಪುರಾಣಗಳಲ್ಲಿ ಇವರಿದ್ದಾರೆ. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಆ ಕತೆಗಳನ್ನು ಬರೆದಿಟ್ಟ. ನಿಮಗೆ ಇಷ್ಟವಾಗುವ ಒಂದು ಕತೆ ಹೇಳುತ್ತೇನೆ, ವಕೀಲರಿಗಂತೂ ಜಾಸ್ತಿ ಇಷ್ಟವಾಗುತ್ತದೆ.

ಲೋಕಿ ಅಂತ ಒಬ್ಬ ಕಿತಾಪತಿ ದೇವರು. ಬ್ರಾಕ್ ಅನ್ನುವ ಕುಳ್ಳನ ಹತ್ತಿರ ಹೋಗಿ, ಬೇರೆ ಕುಳ್ಳರು ಮಾಡಿದ ಈಟಿ, ಹಡಗು, ಚಿನ್ನದ ಕೂದಲಿನಷ್ಟು ಒಳ್ಳೆಯ ವಸ್ತು ನಿನ್ನ ಸೋದರನ ಕೈಯಲ್ಲಿ ಆಗಲ್ಲ ಅಂತ ಕೆಣಕಿದ. ತಲೆಯನ್ನೇ ಪಣಕ್ಕಿಟ್ಟ. ಸೋದರ ಕುಲುಮೆಗೆ ಕೂತ, ಬ್ರಾಕ್ ತಿದಿ ಒತ್ತಿದ. ಲೋಕಿ ನೊಣವಾಗಿ ಬಂದು ಕೈಗೆ ಕಚ್ಚಿದ, ಕುತ್ತಿಗೆಗೆ ಕಚ್ಚಿದ, ಬ್ರಾಕ್ ಅಲುಗಾಡಲಿಲ್ಲ. ಕೊನೆಗೆ ಕಣ್ಣಿನ ರೆಪ್ಪೆಗೆ ಕಚ್ಚಿ ರಕ್ತ ಇಳಿದು ಕಣ್ಣು ಕಟ್ಟಿದಾಗ ಒಂದು ಕ್ಷಣ ಕೈ ಎತ್ತಿ ನೊಣ ಓಡಿಸಿದ. ಅಷ್ಟಕ್ಕೇ ಒಳಗಿದ್ದ ಸುತ್ತಿಗೆಯ ಹಿಡಿ ಗಿಡ್ಡವಾಯಿತು. ಥಾರ್ ದೇವರ ಸುತ್ತಿಗೆ ಅದೇ. ಹಿಡಿ ಗಿಡ್ಡವಾದರೂ ದೇವತೆಗಳು ಅದನ್ನೇ ಎಲ್ಲಕ್ಕಿಂತ ಮೇಲು ಅಂದರು, ಬ್ರಾಕ್ ಗೆದ್ದ. ತಲೆ ಕೊಡು ಅಂತ ಹೋದರೆ ಲೋಕಿ ಏನಂದ ಗೊತ್ತಾ? ತಲೆ ನಿನ್ನದು, ತಗೋ, ಆದರೆ ಕತ್ತಿನ ಮಾತು ಪಣದಲ್ಲಿ ಇರಲಿಲ್ಲ, ಕತ್ತು ಮುಟ್ಟಬೇಡ. ಬ್ರಾಕ್ ವಾದಕ್ಕೆ ನಿಲ್ಲಲಿಲ್ಲ. ತಲೆ ನನ್ನದಾದರೆ ಬಾಯಿಯೂ ನನ್ನದೇ ಅಂತ ಲೋಕಿಯ ತುಟಿ ಹೊಲಿದುಬಿಟ್ಟ.

ಕುಳ್ಳರು ಸೋತದ್ದೂ ಉಂಟು. ಅಲ್ವಿಸ್ ಅನ್ನುವವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ. ಥಾರ್‌ನ ಮಗಳನ್ನು ಮದುವೆ ಆಗಲು ಬಂದ. ಥಾರ್ ರಾತ್ರಿಯಿಡೀ ಒಂದಾದ ಮೇಲೊಂದು ಪ್ರಶ್ನೆ ಕೇಳಿದ, ಇವನು ಖುಷಿಯಲ್ಲಿ ಎಲ್ಲಕ್ಕೂ ಉತ್ತರ ಹೇಳಿದ. ಬೆಳಗಾಗಿ ಬಿಸಿಲು ಬಿತ್ತು. ಬಿಸಿಲು ಬಿದ್ದರೆ ಕುಳ್ಳರು ಕಲ್ಲಾಗುತ್ತಾರೆ. ಮೊದಲ ಪತ್ರದ ದಾವಣಗೆರೆ ಹುಡುಗ ಇದನ್ನು ಓದಬೇಕು.

ಪ್ರಶ್ನೆ: ಏಳನೇ ಕ್ಲಾಸಿನ ಮಗ ಮೊಬೈಲ್ ಆಟದಲ್ಲಿ ಒಬ್ಬ ಕುಳ್ಳ ವ್ಯಾಪಾರಿಯಿಂದ ರತ್ನ ಕೊಳ್ಳುತ್ತಾನೆ. ನನ್ನ ಅಕೌಂಟಿನಿಂದ ದುಡ್ಡು ಹೋಗುತ್ತಿದೆ. "ಅಜ್ಜ ಆಫರ್ ಕೊಟ್ಟಿದ್ದಾನಮ್ಮಾ" ಅಂತಾನೆ.
— ತಾಯಿ, ದಾವಣಗೆರೆ

ಉತ್ತರ: ತಾಯಿ, ಆ ಅಜ್ಜ ಕುಳ್ಳನೂ ಅಲ್ಲ, ಅಜ್ಜನೂ ಅಲ್ಲ. ಗಡ್ಡದ ಹಿಂದೆ ಕೂತಿರುವುದು ಒಂದು ಕಂಪನಿ. ಅದರ ಲೆಕ್ಕ ಹೀಗಿರುತ್ತದೆ: ಕತ್ತಿಯ ಬೆಲೆ 120 ರತ್ನ ಅಂದುಕೊಳ್ಳಿ, ರತ್ನ ಸಿಗುವುದು 100ರ ಕಟ್ಟಿನಲ್ಲಿ. ಎರಡು ಕಟ್ಟು ಕೊಳ್ಳಬೇಕು, 80 ಉಳಿಯುತ್ತದೆ. ಉಳಿದದ್ದು ಹಾಳಾಗಬಾರದು ಅಂತ ಮಗು ಇನ್ನೊಂದು ಕಟ್ಟು ಕೊಳ್ಳುತ್ತದೆ. ರೂಪಾಯಿಯನ್ನು ರತ್ನ ಮಾಡಿದ್ದೇ ಖರ್ಚು ಕಾಣದಿರಲಿ ಅಂತ. "ಇನ್ನು ಎರಡೇ ಗಂಟೆ ಆಫರ್" ಅನ್ನೋ ಗಡಿಯಾರ ಮಾರನೇ ದಿನ ಮತ್ತೆ ಮೊದಲಿಂದ ಓಡುವುದೂ ಮಾಮೂಲಿ.

ಇವತ್ತೇ ಮಾಡಬೇಕಾದ್ದು, ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಹಾಕಿ, ಸೇವ್ ಆಗಿರುವ ಕಾರ್ಡು, ಯುಪಿಐ ತೆಗೆದುಹಾಕಿ. ಬೆರಳಚ್ಚಿಗೆ ಬಿಡಬೇಡಿ, ನೀವು ಮಲಗಿದ್ದಾಗ ನಿಮ್ಮ ಬೆರಳನ್ನೇ ಒತ್ತುವ ಮಕ್ಕಳಿದ್ದಾರೆ. ಆಮೇಲೆ ಮಗನ ಜೊತೆ ಕೂತು ರತ್ನದ ಲೆಕ್ಕವನ್ನು ರೂಪಾಯಿಯಲ್ಲಿ ಬರೆಸಿ. ಬೈಯುವುದಕ್ಕಿಂತ ಅದು ಜಾಸ್ತಿ ನಾಟುತ್ತದೆ.

ಪ್ರಶ್ನೆ: ಘಾಟಿ ಕುಳ್ಳರು ಚೆನ್ನಾಗಿ ಬಂದಿರುವ ಆಟ ಯಾವುದು?
— ಒಬ್ಬ ಓದುಗ, ಹಿರಿಯೂರು

ಉತ್ತರ: ರಾಜಕೀಯ ಬೇಕಾದರೆ 2009ರ ಡ್ರ್ಯಾಗನ್ ಏಜ್ ಆರಿಜಿನ್ಸ್. ಅದರಲ್ಲಿ ಓರ್ಜಮ್ಮಾರ್ ಅಂತ ನೆಲದಡಿಯ ಕುಳ್ಳರ ಊರು. ರಾಜ ಸತ್ತಿದ್ದಾನೆ, ಗದ್ದುಗೆಗೆ ಇಬ್ಬರು. ಹ್ಯಾರೋಮಾಂಟ್ ಮಾತಿಗೆ ನಿಲ್ಲುವ, ಹಳೇ ಸಂಪ್ರದಾಯ ಬಿಡದ ಹಿರಿಯ. ಬೆಲೆನ್ ಅಣ್ಣತಮ್ಮಂದಿರನ್ನೂ ಬಿಡದ ಕಿರಾತಕ. ಒಳ್ಳೆಯವನನ್ನು ಆರಿಸಿ ಹಾಯಾಗಿ ಮಲಗೋಣ ಅಂದರೆ ಆಗಲ್ಲ, ಯಾಕಂದರೆ ಆ ಊರಲ್ಲಿ ಜಾತಿ ಇದೆ, ಜಾತಿ ಇಲ್ಲದವರು ಧೂಳಿನ ಕೇರಿಯಲ್ಲಿ ಬಿದ್ದಿದ್ದಾರೆ, ಮತ್ತು ಅವರ ಪರವಾಗಿ ಏನಾದರೂ ಮಾಡುವವನು ಆ ಕಿರಾತಕನೇ. ನಮ್ಮವರಿಗೆ ಇದು ಬೇರೆ ಲೋಕದ ಕತೆ ಅನ್ನಿಸುವುದೇ ಇಲ್ಲ.

ವ್ಯಾಪಾರ ಬೇಕಾದರೆ ಡ್ವಾರ್ಫ್ ಫೋರ್ಟ್ರೆಸ್. ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಅನ್ನುವ ಅಣ್ಣತಮ್ಮಂದಿರು 2006ರಲ್ಲಿ ಹೊರತಂದು ಬೆಳೆಸಿಕೊಂಡು ಬಂದ ಆಟ. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಇದನ್ನು ತನ್ನ ಸಂಗ್ರಹಕ್ಕೆ ತಗೊಂಡಿತು. 2022ರ ಡಿಸೆಂಬರಿನಲ್ಲಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಚಿತ್ರಗಳ ಸಮೇತ ಬಂತು, ಅದಕ್ಕೆ ಮುಂಚೆ ಪರದೆ ತುಂಬ ಬರೀ ಅಕ್ಷರ, ಚಿಹ್ನೆ. ಇದರಲ್ಲಿ ನಿಮ್ಮ ಕುಳ್ಳರ ದಲ್ಲಾಳಿಗೆ ಸರಕಿನ ಬೆಲೆ ಕಟ್ಟುವ ವಿದ್ಯೆ ಬರದಿದ್ದರೆ ನಿಮಗೂ ಬೆಲೆ ಕಾಣುವುದಿಲ್ಲ! ಕುರುಡು ವ್ಯಾಪಾರ ಮಾಡಬೇಕು. ಎಲ್ಫ್ ಅನ್ನುವ ಕಾಡಿನ ಜನರ ವ್ಯಾಪಾರಿಗಳ ಮುಂದೆ ಮರದ ಸಾಮಾನು ಇಟ್ಟರೆ ಸಿಟ್ಟಾಗುತ್ತಾರೆ. ಯಾರ ಮುಂದೆ ಏನು ಇಡಬಾರದು ಅನ್ನೋದನ್ನು ಆಟ ನಿಮಗೆ ಪೆಟ್ಟು ಕೊಟ್ಟೇ ಕಲಿಸುತ್ತದೆ. ಕಲಿಯೋಕೆ ಕಷ್ಟ, ರಜೆ ಇದ್ದರೆ ಮಾತ್ರ ಕೈ ಹಾಕಿ.

ಬ್ರಾಕ್ ಮತ್ತು ಅವನ ಸೋದರ 2018ರ ಗಾಡ್ ಆಫ್ ವಾರ್‌ನಲ್ಲಿ ಕಮ್ಮಾರರಾಗಿ ಬರುತ್ತಾರೆ. ಘಾಟಿಗಿಂತ ಜಗಳಗಂಟರು. ನಗು ಗ್ಯಾರಂಟಿ.

ಪ್ರಶ್ನೆ: ಅಜ್ಜನಿಗೆ ಹಳಗನ್ನಡ ಮಾತಾಡಿಸಲೇ?
— ಕನ್ನಡ ಎಂ.ಎ., ಚಳ್ಳಕೆರೆ

ಉತ್ತರ: ಬೇಡ, ಆಡುವವರು ಓಡಿಹೋಗುತ್ತಾರೆ. ನಮ್ಮ ಸೀಮೆಯ ಮಾತೇ ಇರಲಿ, ಕರೆಯುವ ರೀತಿ ಮಾತ್ರ ಸಂದರ್ಭಕ್ಕೆ ತಕ್ಕಂತೆ ಬದಲಾಗಲಿ. ನೀವು ಸಾಲ ಕೇಳಲು ಹೋದಾಗ "ಏನಲೇ ತಮ್ಮಾ". ಅವನಿಗೆ ನಿಮ್ಮಿಂದ ಕೆಲಸ ಆಗಬೇಕಾದಾಗ "ಬರ್ರಿ ಯಜಮಾನ್ರೇ, ಎಷ್ಟು ದಿನ ಆತು ನೋಡಿ". ಆಟಗಾರ ಎರಡನೆಯದನ್ನು ಕೇಳಿದ ಕೂಡಲೇ ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಪ್ರಶ್ನೆ: ನನ್ನ ಎತ್ತರ ನಾಲ್ಕು ಅಡಿ. ಆಟದ ಕುಳ್ಳರನ್ನು ನೋಡಿ ಕಾಲೇಜಿನಲ್ಲಿ ನನಗೂ ಅದೇ ಹೆಸರಿಟ್ಟಿದ್ದಾರೆ. ಇಂಥ ಪಾತ್ರಗಳೇ ಬೇಡ ಅನ್ನಿಸುತ್ತೆ. ನೀವೇನಂತೀರಿ?
— ವಿದ್ಯಾರ್ಥಿ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮಗೆ ಸಿಟ್ಟು ಬರುವುದು ನ್ಯಾಯವೇ. ಪುರಾಣದ ಕುಳ್ಳರು ಬೇರೆಯದೇ ಒಂದು ಜನಾಂಗ, ನೀವು ಎಲ್ಲರ ಹಾಗೆ ಮನುಷ್ಯರು, ಎತ್ತರ ಕಮ್ಮಿ ಅಷ್ಟೇ. ಎರಡನ್ನೂ ಒಂದು ಮಾಡಿ ಹೆಸರಿಡುವುದು ತಮಾಷೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ವೈದ್ಯಕೀಯ ಇಲ್ಲವೇ ಆನುವಂಶಿಕ ಕಾರಣದಿಂದ ವಯಸ್ಕರ ಎತ್ತರ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಮ್ಮಿ ಇರುವುದನ್ನು ಅಂಗವೈಕಲ್ಯದ ಪಟ್ಟಿಗೆ ಸೇರಿಸಿದ್ದಾರೆ. ಪ್ರಮಾಣಪತ್ರ ಮಾಡಿಸಿಲ್ಲದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಕಾಲೇಜಿನಲ್ಲಿ ಕಾಟ ಮುಂದುವರಿದರೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲೇ ದೂರು ಕೊಡಿ, ಒಂದು ಪ್ರತಿ ಸಹಿ ಹಾಕಿಸಿ ಇಟ್ಟುಕೊಳ್ಳಿ. ಪಾತ್ರ ಬರೆಯುವ ಉಳಿದ ಪತ್ರದವರಿಗೂ ಒಂದು ಮಾತು: ಅಜ್ಜನ ಎತ್ತರವನ್ನು ಇಟ್ಟುಕೊಂಡು ಒಂದೂ ಜೋಕ್ ಮಾಡದೆ ಅವನನ್ನು ಬರೆಯಿರಿ, ಆಗುತ್ತಾ ನೋಡೋಣ.

ಪ್ರಶ್ನೆ: ಎಲ್ಲಿ ನೋಡಿದರೂ ಅಜ್ಜನೇ. ಕುಳ್ಳಜ್ಜಿ ಯಾಕಿಲ್ಲ?
— ಅಂಗನವಾಡಿ ಕಾರ್ಯಕರ್ತೆ, ಜಗಳೂರು

ಉತ್ತರ: ಬರೆಯುವವರ ಸೋಮಾರಿತನ. ಪೂರ್ತಿ ಇಲ್ಲವೇ ಇಲ್ಲ ಅಂತಲ್ಲ. ಆನ್‌ಲೈನ್ ಆಟ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಕುಳ್ಳರ ರಾಜಧಾನಿ ಆಳಲು 2010ರಲ್ಲಿ ಮೂವರ ಮಂಡಳಿ ಬಂತು, ಅದರಲ್ಲಿ ಮೊಯ್ರಾ ಅನ್ನುವ ಹೆಂಗಸು ಕೂತಿದ್ದಾಳೆ, ಮಹಾ ಲೆಕ್ಕಾಚಾರದವಳು. ಆದರೆ ಅಜ್ಜಿ ಅಲ್ಲ.

ನಿಮ್ಮ ಊರಿನ ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕ ನೋಡಿಕೊಳ್ಳುವ ಹಿರಿಯರನ್ನು ನೆನೆಸಿಕೊಳ್ಳಿ. ಯಾರ ಕಂತು ಬಾಕಿ, ಯಾರ ಗಂಡ ದುಡಿದದ್ದನ್ನು ಕುಡಿದ, ಯಾರು ಸುಳ್ಳು ಹೇಳಿ ಎರಡು ಕಡೆ ಸಾಲ ಎತ್ತಿದ್ದಾರೆ, ಎಲ್ಲ ಬಾಯಿಪಾಠ. ಅವರಿಗೆ ಒಂದು ಗಣಿ, ಮುನ್ನೂರು ವರ್ಷ ಆಯಸ್ಸು ಕೊಟ್ಟು ನೋಡಿ. ಬರೆದು ಕಳಿಸುವುದಾದರೆ ಒಂದು ಪುಟ ಮೀರದಿರಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇದೆ.